ಮೂಲೇಲಿರೋ ಮುನಿ

ಕೆಂಗೇರಿ ಉಪನಗರದಲ್ಲಿ ನಮ್ಮನೆ ಪಕ್ಕ ಒಂದು ಖಾಲಿ ಸೈಟಿದೆ. ಅದರ ಮೂಲೇಲಿ ಮುಟ್ಟಿದರೆ ಮುನಿ ಗಿಡ ಹಬ್ಬಿಕೊಂಡಿದೆ. ಯಾರೂ ನೆಟ್ಟಿದ್ದಲ್ಲ, ನೀರು ಹಾಕಿದ್ದಲ್ಲ. ಬೇಸಿಗೇಲಿ ಸತ್ತಂಗೆ ಕಾಣುತ್ತೆ, ಒಂದು ಮಳೆ ಬಿದ್ದರೆ ಅದೇ ಬೇರಿಂದ ಮತ್ತೆ ಚಿಗುರುತ್ತೆ. ಮೈಯೆಲ್ಲ ಮುಳ್ಳು, ಮೇಲೆ ಗುಲಾಬಿ ಬಣ್ಣದ ಕುಚ್ಚಿನಂಥ ಹೂವು.

ಸಾಯಂಕಾಲವಾದರೆ ನನ್ನ ಪುಟ್ಟ ಮೊಮ್ಮಗಳಿಗೆ ಅದೇ ಆಟ. ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಲೆ ಮುಟ್ಟೋದು, ಮಡಚಿಕೊಂಡರೆ "ಅಜ್ಜಿ, ಇವಳೂ ಮುನಿಸ್ಕೊಂಡ್ಲು!" ಅಂತ ಕಿರುಚೋದು. ಅವಳು ಸ್ಕೂಲಿಗೆ ಹೋದಮೇಲೆ ನಾನೂ ಹೋಗಿ ಕೋಲಲ್ಲಿ ಸವರಿ ಬರ್ತೀನಿ. ಮುಟ್ಟಿದ ತಕ್ಷಣ ಬಗ್ಗೋರು ನಮ್ಮನೇಲಿ ಇನ್ಯಾರಿದ್ದಾರೆ?

ಒಂದು ಭಾನುವಾರ ಹುಲ್ಲು ಕತ್ತರಿಸೋ ಮಿಷಿನ್ ಹೆಗಲಿಗೆ ಹಾಕ್ಕೊಂಡು ಒಬ್ಬ ಬಂದ. ಸೈಟಿನ ಓನರಮ್ಮ ಕಳಿಸಿದ್ದಂತೆ. ಅರ್ಧ ಸೈಟು ಬೋಳಿಸಿ ಮೂಲೆ ಕಡೆ ತಿರುಗಿದ. ಮೊಮ್ಮಗಳು ನನ್ನ ಸೆರಗು ಹಿಡಿದು ಅಳೋಕೆ ಶುರು ಮಾಡಿದಳು.

"ಏಯ್, ನಿಲ್ಲಪ್ಪ! ಮುಟ್ಟಿದರೆ ಮುನಿ ಐತೆ ಅಲ್ಲಿ!" ಅಂತ ಗಂಟಲು ಹರಿಯಂಗೆ ಕೂಗಿದೆ.

ಮಿಷಿನ್ ಸದ್ದಲ್ಲಿ ಅವನಿಗೆ ಕೇಳಿಸಿದ್ದು ಅರ್ಧ. ಆಫ್ ಮಾಡಿದ. "ಮುನಿ ಐತಾ? ಮೊದ್ಲೇ ಹೇಳ್ಬಾರ್ದಾ ಅಜ್ಜಿ?" ಅಂತ ಚಪ್ಪಲಿ ಬಿಟ್ಟು ಕೈ ಮುಗಿದ. ನಮ್ಮ ಕಡೆ ಮುನಿ ಅಂದರೆ ಮುನೇಶ್ವರ. ಖಾಲಿ ಜಾಗ, ಮರದ ಬುಡ ಎಲ್ಲ ಅವನದೇ. ಕೆಣಕಿದರೆ ಜ್ವರ ಗ್ಯಾರಂಟಿ.

"ಅಯ್ಯೋ, ಗಿಡ ಕಣಪ್ಪ, ಗಿಡ!"

"ಗಿಡದಲ್ಲೇ ತಾನೇ ಅವನಿರೋದು?" ಅಂದವನೇ ಮಿಷಿನ್ ಎತ್ತಿಕೊಂಡು ಹೊರಟೇಬಿಟ್ಟ.

ಮಾರನೇ ಸಾಯಂಕಾಲ ಓನರಮ್ಮ ಕಾರಲ್ಲಿ ಬಂದಳು. ಬೈತಾಳೆ ಅಂದ್ಕೊಂಡೆ. ನೋಡಿದರೆ ರೇಷ್ಮೆ ಸೀರೆ, ಕೈಲಿ ನಿಂಬೆಹಣ್ಣು, ಊದುಗಡ್ಡಿ. ಊದುಗಡ್ಡಿ ಹೊತ್ತಿಸಿ ನೆಟ್ಟು, ಕೆಳಗೆ ಕೂತು ಗಿಡಕ್ಕೆ ಕುಂಕುಮ ಹಚ್ಚಿದಳು. ಎಲೆಗಳೆಲ್ಲ ಸರ್ರನೆ ಜೋಡಿಸಿಕೊಂಡವು.

"ನೋಡಿದ್ರಾ ಅಜ್ಜಿ! ನನ್ನ ಪೂಜೆ ಮುಟ್ತು!"

"ಮುಟ್ಟಿದ್ದು ಪೂಜೆಯಲ್ಲ ಕಣಮ್ಮ, ನಿನ್ನ ಬೆರಳು. ಅದು ಮುಟ್ಟಿದರೆ ಮುನಿ."

ಅವಳು ನನ್ನ ಮುಖ ನೋಡಿದಳು. ಇನ್ನೊಂದು ಎಲೆ ಮುಟ್ಟಿದಳು. ಅದೂ ಮಡಚಿಕೊಂಡಿತು. ಆಮೇಲೆ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು. "ಕುಂಕುಮ ಇಟ್ಟಾಯ್ತಲ್ಲ ಅಜ್ಜಿ, ಇನ್ನು ಕೀಳಿಸೋಕೆ ನಂಗೆ ಧೈರ್ಯ ಇಲ್ಲ. ಇರ್ಲಿ ಬಿಡಿ."

ಇರ್ಲಿ ಅಂದಿದ್ದೇ ತಡ, ಮೊಮ್ಮಗಳು ಓಡಿಹೋಗಿ ಅವಳ ಪಕ್ಕ ಕೂತಳು. "ಆಂಟಿ, ನೀವು ಆಗ್ಲೇ ಎರಡು ಸಲ ಮುಟ್ಟಿದ್ರಿ. ಈಗ ನಾನು!"

ಊದುಗಡ್ಡಿ ಉರಿದು ಬೂದಿಯಾದರೂ ಓನರಮ್ಮ ಮೇಲೆದ್ದಿರಲಿಲ್ಲ.