ಪಟ್ಟಿಯೊಳಗಿನ ಹುಚ್ಚೆಳ್ಳು ಹೊಲ

ಹಂದನಕೆರೆಯ ನಮ್ಮ ಪಡಸಾಲೆಯಲ್ಲಿ ಅಂದು ನಾವು ಮೂವರಿದ್ದೆವು: ದೊಡ್ಡಮ್ಮ, ಅವಳ ಅತ್ತೆಯಾದ ನನ್ನ ಅಜ್ಜಿ, ನಾನು. ಒಣಗಾಯಿ ಒಡೆಯುವಾಗ ಚಿಪ್ಪಿನ ಚೂರು ಸಿಡಿದು ದೊಡ್ಡಮ್ಮನ ಎಡಗಣ್ಣಿಗೆ ಬಡಿದಿತ್ತು. ತಿಪಟೂರಿನ ಡಾಕ್ಟರು ಆಪರೇಷನ್ ಮಾಡಿ, ಗಾಯದ ಕಣ್ಣು ಅಲುಗಾಡದಿರಲೆಂದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಆ ಕಣ್ಣು ಉಳಿಯಿತೋ ಇಲ್ಲವೋ ಪಟ್ಟಿ ಬಿಚ್ಚಿದ ಮೇಲೇ ಗೊತ್ತಾಗಬೇಕಿತ್ತು.

ದೊಡ್ಡಮ್ಮ ಸುಮ್ಮನೆ ಕೂರಲಿಲ್ಲ. ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಒಳಗೆ ಕೊಬ್ಬರಿ ಉಂಡೆ ಗಡಗಡ ಅಂದರೆ ಒಡೆಯುವುದಕ್ಕೆ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ.

"ಸಾಕು ಬುಡೇ ತಾಯಿ, ಮಲಿಕ್ಕೋ," ಎಂದಳು ಅಜ್ಜಿ.

"ಕಿವಿಗೂ ಪಟ್ಟಿ ಕಟ್ಟವ್ರಾ ಅತ್ತೆ?"

ಅಜ್ಜಿ ಗೊಣಗುತ್ತ ಮಜ್ಜಿಗೆ ತರಲು ಒಳಗೆ ಹೋದಳು.

"ಬರೀ ಕತ್ತಲೇನಾ ದೊಡ್ಡಮ್ಮ?" ಎಂದೆ.

"ಇಲ್ಲ ಕಣಪ್ಪ. ಹಳದಿ ಚುಕ್ಕಿ ಆಡ್ತವೆ, ಹುಚ್ಚೆಳ್ಳು ಹೊಲ ಹೂ ಬಿಟ್ಟಂಗೆ." ಆಮೇಲೆ ದನಿ ತಗ್ಗಿಸಿದಳು. "ಬಲಗಡೆ ಹೊಲ ತುಂಬೈತೆ. ಎಡಗಡೆ ಒಂದೂ ಇಲ್ಲ. ನಿಮ್ಮಜ್ಜಿಗೆ ಹೇಳ್ಬೇಡ, ಉಣ್ಣೋದು ಬುಟ್ಟಾಳು."

ನಾನು ಹೇಳಲಿಲ್ಲ.

ಎಂಟನೆಯ ದಿನ ಪಟ್ಟಿ ಬಿಚ್ಚಿದರು. ಎಡಗಣ್ಣು ಹೋಗಿತ್ತು. ಆಸ್ಪತ್ರೆಯಲ್ಲೇ ಅಜ್ಜಿ ಬಿಕ್ಕಿ ಬಿಕ್ಕಿ ಅತ್ತಳು. ದೊಡ್ಡಮ್ಮ ತನ್ನ ಸೆರಗಿನಿಂದ ಅವಳ ಕಣ್ಣೊರೆಸಿ, ಕೈ ಹಿಡಿದು ರಸ್ತೆ ದಾಟಿಸಿ ಬಸ್ಸು ಹತ್ತಿಸಿದಳು.