ಊರಿಗೆಲ್ಲ ಜ್ಞಾನತಂದೆಯಾದ ಕರ್ನಲ್

ಆ ಭಾನುವಾರ ಹಾಸಿಗೆಯಿಂದ ಏಳುವಾಗಲೇ ಪೊಲೀಸ್ ಕರ್ನಲ್ ಎಲ್ಯುತೇರಿಯೊ ಮಗ್ಬನುವಾನ ಮೈ ಉರಿಯುತ್ತಿತ್ತು. ನಿವೃತ್ತಿಗೆ ಇನ್ನೆರಡು ವಾರ. ಪನಾಯ್ ದ್ವೀಪದ ಅರ್ಧ ಕರಾವಳಿಯ ಪೊಲೀಸರು ಅವನ ಕೆಮ್ಮಿಗೇ ಎದ್ದು ನಿಲ್ಲುತ್ತಿದ್ದರು. ಹೆಂಡತಿ ಪೂರಿಂಗ್ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಮೂಗಿನ ಮುಂದೆ ಹಿಡಿದು ನಿಂತಿದ್ದಳು.

"ಇವತ್ತು ಯಾರ ಮನೆ ದೀಕ್ಷಾಸ್ನಾನ?"

"ಬಂತಿಗಾನಿನ ರುಫೋದು. ಚೊಚ್ಚಲ ಮಗು. ನೀವೇ ಜ್ಞಾನತಂದೆ ಆಗ್ಬೇಕಂತೆ."

"ಯಾಕೆ, ಆ ಊರಲ್ಲಿ ಬೇರೆ ಗಂಡಸರು ಸತ್ತೋದ್ರಾ?"

"ಒಲ್ಲೆ ಅಂದ್ರೆ ಕೂಸಿಗೆ ಕೇಡು. ಸುಮ್ನೆ ಗುಂಡಿ ಹಾಕ್ಕೊಳ್ಳಿ."

ಅವನ ನೌಕರಿಯ ಬದುಕೆಲ್ಲ ಹೀಗೇ ಗುಂಡಿ ಹಾಕಿಕೊಳ್ಳುವುದರಲ್ಲಿ ಸವೆದಿತ್ತು. ಇದೇ ಬಂತಿಗಾನಿನ ಕೊಲ್ಲಿಯಲ್ಲಿ ಅವನ ಅಣ್ಣ ಅಂಬೋ ಸಿಡಿಮದ್ದಿನ ಬಾಟಲಿ ಎಸೆದು ಮೀನು ಹಿಡಿಯಲು ಹೋಗಿ, ಬತ್ತಿ ಕೈಯಲ್ಲೇ ಸಿಡಿದು, ಮೊಣಕೈಯಿಂದಾಚೆ ಏನೂ ಉಳಿಯದೆ ಬಂದಿದ್ದ. "ನೀನು ಪೊಲೀಸ್ ಆಗೋ. ಈ ಹಾಳು ಮದ್ದು ನಿಲ್ಸು," ಎಂದು ಆ ಮೋಟುಗೈಯಲ್ಲೇ ತಮ್ಮನನ್ನು ಊರಾಚೆ ದೂಡಿದ್ದ. ತಮ್ಮ ಪೇದೆಯಾದ, ಸಾರ್ಜೆಂಟನಾದ, ಹೆಗಲ ಮೇಲೆ ಪಟ್ಟಿ ಏರುತ್ತ ಏರುತ್ತ ಕರ್ನಲ್ಲೂ ಆದ. ಮದ್ದು ಮಾತ್ರ ನಿಲ್ಲಲಿಲ್ಲ.

ಹೋದ ಠಾಣೆಯಲ್ಲೆಲ್ಲ ಜನ ಕೂಸುಗಳನ್ನು ತಂದು ಅವನ ತೋಳಿಗೆ ಹಾಕಿದರು. ಹೆತ್ತಪ್ಪನೂ, ದೀಕ್ಷಾಸ್ನಾನದಲ್ಲಿ ಮೇಣದಬತ್ತಿ ಹಿಡಿದು ಕೂಸಿನ ಹೊಣೆ ಹೊರುವ ಜ್ಞಾನತಂದೆಯೂ ಆಮೇಲೆ ಜನ್ಮವಿಡೀ ಒಬ್ಬರನ್ನೊಬ್ಬರು 'ಪಾರೆ' ಎಂದು ಕರೆಯಬೇಕು, ಒಡಹುಟ್ಟಿದವರಿಗಿಂತ ಹತ್ತಿರವಿರಬೇಕು. ಅವನು ಯಾವ ದೋಣಿ ಹಿಡಿದರೂ ಅದರೊಳಗೊಬ್ಬ ಪಾರೆ ಕೂತಿರುತ್ತಿದ್ದ. "ಪಾರೆ, ಇದೊಂದು ಸಲ!" ಎನ್ನುತ್ತಿದ್ದ. ಎಲ್ಯುತೇರಿಯೊ ಗಂಟಲು ಹರಿಯುವಂತೆ ಬೈದು ಬಿಟ್ಟುಬಿಡುತ್ತಿದ್ದ. ಒಬ್ಬನನ್ನೂ ಜೈಲಿಗೆ ಕಳಿಸಿರಲಿಲ್ಲ. ಈಗಲೂ ಸಂತೆಯಲ್ಲಿ ಸಿಕ್ಕಾಗ ಅಂಬೋ ಏನೂ ಕೇಳುವುದಿಲ್ಲ, ಅಂಗಿಯ ಖಾಲಿ ತೋಳನ್ನೊಮ್ಮೆ ಅಲ್ಲಾಡಿಸುತ್ತಾನೆ.

ಬಂತಿಗಾನಿನ ಇಗರ್ಜಿಯಲ್ಲಿ ಮೇಣದಬತ್ತಿ ಹಿಡಿದು ನಿಂತಾಗ ನೋಡುತ್ತಾನೆ, ಮಗುವಿನ ಅಪ್ಪನೇ ಇಲ್ಲ.

"ರುಫೋ ಎಲ್ಲಮ್ಮಾ?"

"ಐಸ್ ತರೋಕ್ ಹೋಗವ್ರೆ ಸಾರ್," ಎಂದಳು ತಾಯಿ ಚಾರಿಂಗ್, ನೆಲ ನೋಡುತ್ತ.

ಪಾದ್ರಿ ಕೂಸಿನ ನೆತ್ತಿಗೆ ನೀರು ಸುರಿದರು. ಅದೇ ಹೊತ್ತಿಗೆ ಕೊಲ್ಲಿಯ ಕಡೆಯಿಂದ ಧಡ್ ಎಂದಿತು. ಕಿಟಕಿಯ ಗಾಜು ನಡುಗಿತು. ಒಬ್ಬರೂ ತಿರುಗಿ ನೋಡಲಿಲ್ಲ.

"ಗುಡುಗು," ಎಂದಳು ಹಿಂದಿನ ಬೆಂಚಿನ ಮುದುಕಿ.

ಹೊರಗೆ ಬಿಸಿಲು ಬೆಂಕಿ ಕಾರುತ್ತಿತ್ತು. ಅವನಿಗೆ ಆಗ ಹೊಳೆಯಿತು. ಕರ್ನಲ್ ಎಲ್ಲಿದ್ದಾನೆ ಎಂದು ಈ ಊರು ಕಾವಲು ಕಾಯಬೇಕಾಗಿಯೇ ಇರಲಿಲ್ಲ. ತಾವೇ ಕರೆದು, ಕೈಗೊಂದು ಮೇಣದಬತ್ತಿ ಕೊಟ್ಟು ನಿಲ್ಲಿಸಿಕೊಂಡರಾಯಿತು. ಇಷ್ಟು ವರ್ಷ ತಾನೇ ಅವರಿಗೆ ಕಾವಲು ನಿಂತಿದ್ದೆನಲ್ಲ ಎಂದು ಹಲ್ಲು ಕಡಿದ. ಬಿಸಿ ಮೇಣ ಬೆರಳ ಮೇಲೆ ಇಳಿದದ್ದೂ ತಿಳಿಯಲಿಲ್ಲ.

ಮನೆಯ ಚಪ್ಪರದಲ್ಲಿ ಊಟಕ್ಕೆ ಕೂರುವ ಹೊತ್ತಿಗೆ ರುಫೋ ಬಂದ. ಹೊಸ ಅಂಗಿ, ಒದ್ದೆ ತಲೆ.

"ಪಾರೆ, ತಪ್ಪು ತಿಳ್ಕೋಬೇಡಿ. ದಾರೀಲಿ ಗಾಡಿ ಕೆಟ್ಟೋಯ್ತು. ತಗೊಳ್ಳಿ, ನಿಮಗೇ ಅಂತ ತಾಜಾ ಮೀನು ಸುಡಿಸಿದೀನಿ."

ಎಲ್ಯುತೇರಿಯೊ ಮೀನು ಬಿಡಿಸಿದ. ಬೆನ್ನೆಲುಬು ಇಡಿಯಾಗಿ ಏಳಬೇಕಿತ್ತು, ಬೆರಳಿಗೆ ಪುಡಿಪುಡಿಯಾಗಿ ಬಂತು. ಮದ್ದಿಗೆ ಸತ್ತ ಮೀನಿನ ಮೂಳೆ ಹೀಗೇ ಪುಡಿಯಾಗುತ್ತದೆಂದು ಬೆಸ್ತರ ಮನೆಯಲ್ಲಿ ಹುಟ್ಟಿದವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವನು ತನ್ನ ಜೀಪು ಓಡಿಸಿಕೊಂಡು ಬಂದಿದ್ದ ಸಾರ್ಜೆಂಟ್ ಪಲ್ಮಾರೆಸನನ್ನು ಹತ್ತಿರ ಕರೆದ.

"ರುಫೋನ ದೋಣಿ ಹಲಗೆ ಎತ್ತಿ ನೋಡು."

"ಸಾರ್... ರುಫೋ ನನಗೂ ಪಾರೆ ಆಗ್ಬೇಕು."

"ಬೆಳಿಗ್ಗೆಯಿಂದ ನನಗೂ ಆಗಿದಾನೆ. ನಡಿ!"

ಪಲ್ಮಾರೆಸ್ ಕಾಲೆಳೆಯುತ್ತ ಹೋಗಿ, ಬತ್ತಿ ಸಿಕ್ಕಿಸಿದ ಎರಡು ಬಾಟಲಿಗಳನ್ನು ಎಳೆಗೂಸಿನಂತೆ ಎತ್ತಿಕೊಂಡು ಬಂದ.

"ಪಾರೆ," ರುಫೋ ಕೈ ಮುಗಿದ. "ಇದೊಂದು ಸಲ! ಬಂದವರಿಗೆಲ್ಲ ಊಟ ಹಾಕ್ಬೇಕಿತ್ತು."

"ಬೆರಳು ಚಾಚು."

"ಏನು?"

"ಚಾಚೋ! ಹತ್ತೂ ಇದಾವಾ? ನಮ್ಮಣ್ಣನಿಗೆ ಐದೇ ಉಳಿದಿರೋದು. ನಾಳೆ ಆ ಕೂಸನ್ನ ಯಾವುದ್ರಲ್ಲಿ ಎತ್ಕೊಳ್ತೀಯ?"

ಪೂರಿಂಗ್ ಅವನ ತೋಳು ಹಿಡಿದಳು. "ರೀ, ಅನ್ನದ ಮುಂದೆ ಹಿಡ್ಕೊಂಡು ಹೋಗ್ತೀರಾ? ಜನ ಏನಂತಾರೆ?"

"ಅನ್ನಲಿ. ಇಷ್ಟು ದಿನ ಜನ ಏನೂ ಅನ್ನದ ಹಾಗೆ ನಡ್ಕೊಂಡಿದ್ದೇ ತಪ್ಪಾಯ್ತು. ಊಟ ಮುಗಿಸು ಪಾರೆ, ಆಮೇಲೆ ಜೀಪು ಹತ್ತು."

ರುಫೋ ತಟ್ಟೆ ಸರಿಸಿ ಎದ್ದ. ಹೊರಡುವಾಗ ಚಾರಿಂಗ್ ಕೂಸನ್ನೆತ್ತಿಕೊಂಡು ದಾರಿಗಡ್ಡ ನಿಂತಳು.

"ಇವ್ರಿಲ್ದಿದ್ರೆ ನಮ್ಮನ್ನ ಯಾರು ನೋಡ್ತಾರೆ?"

"ಇನ್ಯಾರು? ನಾನೇ! ಅದಕ್ಕೇ ಅಲ್ವೇನಮ್ಮ ಮೇಣದಬತ್ತಿ ಹಿಡಿಸಿದ್ದು?" ಎಂದು ಸಿಡುಕಿ ಜೀಪು ಹತ್ತಿದ.

ಸಂತೆಯ ತಿರುವಿನಲ್ಲಿ ಅಂಬೋ ನಿಂತಿದ್ದ. ಬೇಡಿ ಹಾಕಿಕೊಂಡ ರುಫೋನನ್ನು ನೋಡಿದ, ತಮ್ಮನನ್ನು ನೋಡಿದ. ಈ ಸಲ ಖಾಲಿ ತೋಳು ಅಲ್ಲಾಡಲಿಲ್ಲ.

ಬಹಳ ದೂರ ಹೋದಮೇಲೆ ರುಫೋ ಮೆಲ್ಲಗೆ ಕೆಮ್ಮಿದ.

"ಪಾರೆ, ನನ್ನ ತಂಗಿಗೂ ಈಗ ದಿನ ತುಂಬಿದೆ. ನೀವು ಒಪ್ಪೋದಾದ್ರೆ..."

"ಪಲ್ಮಾರೆಸ್," ಎಂದ ಕರ್ನಲ್, ಹಣೆ ಒತ್ತಿಕೊಳ್ಳುತ್ತ, "ಬೇಗ ಓಡ್ಸು."