ಆಯಿ ಎಣ್ಣೆ ಹಚ್ಚಿದ ಬ್ರೇಕು

ಆಗ ನಮ್ಮೂರು ಮಸೂತಿಯಲ್ಲಿ ಬೆಳಿಗ್ಗೆ ನಮ್ಮ ವ್ಯಾನಿನ ಹಾರ್ನು ಕೇಳಿದ ಮೇಲೆಯೇ ತಾಯಂದಿರು ಬುತ್ತಿಗೆ ರೊಟ್ಟಿ ಸುತ್ತುತ್ತಿದ್ದರು. ಅಪ್ಪ ಓಣಿಯ ಮಕ್ಕಳನ್ನೆಲ್ಲ ಅದರಲ್ಲಿ ತುಂಬಿಕೊಂಡು ಬಸವನ ಬಾಗೇವಾಡಿಯ ಶಾಲೆಗೆ ಬಿಡುತ್ತಿದ್ದ. ನಾನೂ ಅದರಲ್ಲೇ ಹೋಗುತ್ತಿದ್ದೆ, ಮಾಲೀಕನ ಮಗಳೆಂಬ ಜಂಬದಿಂದ ಕಿಟಕಿ ಪಕ್ಕದಲ್ಲಿ ಕೂತು.

ಜೋಳದ ರಾಶಿ ಮುಗಿದು ಓಣಿಯ ತುದಿಯಲ್ಲಿ ನಮ್ಮ ಕಣಿಕೆಯ, ಅಂದರೆ ಒಣ ದಂಟಿನ, ಬಣವೆ ಎದ್ದಿದ್ದ ದಿನಗಳು. ಬ್ರೇಕು ಒತ್ತಿದರೆ ವ್ಯಾನು ಚಳಿಜ್ವರ ಬಂದವರಂತೆ ನಡುಗತೊಡಗಿತು. ಒಂದು ರವಿವಾರ ಮನಗೂಳಿಯಿಂದ ಮೆಕ್ಯಾನಿಕ್ ಮೈಬೂಬ ಕಾಕಾ ಬಂದು ಅಂಗಳದಲ್ಲೇ ಮುಂದಿನ ಗಾಲಿ ಬಿಚ್ಚಿದ. ಗಾಲಿಯ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕು; ಬ್ರೇಕು ಒತ್ತಿದಾಗ ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುತ್ತವೆ. ನಮ್ಮದು ಸವೆದು ಅಂಚೆದ್ದಿತ್ತು.

“ಇವು ಮುಗದ ಹೋಗ್ಯಾವ್ರಿ ಅಣ್ಣಾರ. ಎರಡೂ ಕಡಿ ಹೊಸಾವ ಹಾಕೂಣ್ರಿ,” ಅಂದ.

ಕಾಕಾ ತಾನೇ ತಂದಿದ್ದ ಹೊಸ ಡಿಸ್ಕುಗಳ ಮೇಲೆ ಜಂಗು ಹಿಡಿಯದಿರಲೆಂದು ಕಾರ್ಖಾನೆಯವರು ಸವರಿ ಕಳಿಸಿದ್ದ ಎಣ್ಣೆಯನ್ನು ಪೆಟ್ರೋಲಿನಿಂದ ತೊಳೆದು, ಅವನ್ನು ಗೋಣಿಚೀಲದ ಮೇಲೆ ಒಣಗಲಿಟ್ಟು ಊಟಕ್ಕೆ ಒಳಗೆ ಬಂದ. ಅವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಇವತ್ತಿಗೂ ಪೆಟ್ರೋಲ್ ವಾಸನೆ ಬಂದರೆ ನನ್ನ ಬಾಯಲ್ಲಿ ಆ ಪಲ್ಯದ ಹುಳಿ ನೀರೂರುತ್ತದೆ.

ಅಂಗಳದಲ್ಲಿ ಉಳಿದವಳು ಆಯಿ, ಅಪ್ಪನ ತಾಯಿ. ಕುಡಗೋಲಿರಲಿ, ರೊಟ್ಟಿ ಹಂಚಿರಲಿ, ಹೊಸ ಕಬ್ಬಿಣ ಮನೆಗೆ ಬಂದರೆ ಎಣ್ಣೆ ಸವರಿ ಕುಂಕುಮ ಇಟ್ಟೇ ಬಳಕೆಗೆ ತೆಗೆಯುವವಳು. ಬಿಸಿಲಲ್ಲಿ ಒಣಗುತ್ತಿದ್ದ ಆ ಎರಡನ್ನು ಕಂಡು ಅವಳ ಕೈ ಸುಮ್ಮನಿರಲಿಲ್ಲ. ಕುಸುಬೆ ಎಣ್ಣೆಯ ಬಟ್ಟೆಯಿಂದ ತೆಳ್ಳಗೆ ಒರೆಸಿ, ನಡುವೆ ಬೊಟ್ಟಿಟ್ಟಳು. ಕಾಕಾ ಬಂದು ಬೊಟ್ಟು ನೋಡಿ ನಕ್ಕ. ನಡುಭಾಗಕ್ಕೆ ಪ್ಯಾಡು ತಾಗುವುದಿಲ್ಲವಲ್ಲ ಎಂದು ಅದನ್ನು ಹಾಗೇ ಬಿಟ್ಟ. ತಾನೇ ತೊಳೆದಿಟ್ಟದ್ದೆಂಬ ಭರವಸೆಯಲ್ಲಿ ಉಳಿದದ್ದನ್ನು ಮತ್ತೆ ನೋಡದೆ ಗಾಲಿ ಕೂಡಿಸಿದ.

ಪೂಜೆ ಮಾಡಿದವಳೇ ಮೊದಲು ಕೂರಬೇಕೆಂದು ಆಯಿ ಮುಂದಿನ ಸೀಟು ಹಿಡಿದಳು. ಓಣಿಯ ತುದಿಯಲ್ಲಿ ಅಪ್ಪ ಬ್ರೇಕು ಒತ್ತಿದ. ವ್ಯಾನು ನಿಲ್ಲಲಿಲ್ಲ. ಹ್ಯಾಂಡ್‌ಬ್ರೇಕು ಎಳೆಯುತ್ತಲೇ ಬೇರೆ ದಾರಿ ಕಾಣದೆ ನಮ್ಮ ಬಣವೆಗೆ ನುಗ್ಗಿಸಿದ. ಯಾರಿಗೂ ಪೆಟ್ಟಾಗಲಿಲ್ಲ.

ಕಾಕಾ ಓಡಿಬಂದ. “ಯವ್ವಾ, ಡಿಸ್ಕಿಗೆ ಏನರ ಹಚ್ಚೀರೇನು?”

“ಎಣ್ಣಿ ಹಚ್ಚೇನಿ. ಹೊಸಾ ಕಬ್ಬಣ ಒಣಾ ಇಡ್ತಾರೇನು?” ಅಂದಳು ಆಯಿ, ಸೆರಗಿನ ಮೇಲಿನ ಒಣ ಎಲೆಯ ರವದಿ ಕೊಡವುತ್ತ.

ಇದನ್ನೆಲ್ಲ ಎದುರು ಮನೆಯ ಮಹಾದೇವಿ ಚಿಗವ್ವ ಕಟ್ಟೆಯ ಮೇಲಿಂದ ನೋಡಿದ್ದಳು. “ನಾಳಿಂದ ನಮ್ಮ ಹುಡುಗನ್ನ ಕಳಸೂದಿಲ್ಲ ನೋಡಪಾ,” ಅಂದಳು. ಒಬ್ಬರು ಬಿಟ್ಟರೆ ಉಳಿದವರೂ ಬಿಡುತ್ತಾರೆ. ನಮ್ಮ ಹೊಟ್ಟೆಪಾಡು ಆ ವ್ಯಾನೇ. ಅಪ್ಪನ ಮುಖ ನೋಡಿ ನನಗೆ ಅಳು ಬಂತು.

ಕಾಕಾ ಡಿಸ್ಕು ಬಿಚ್ಚಿ ಮತ್ತೆ ತೊಳೆದಿಟ್ಟ. ಎಣ್ಣೆ ಕುಡಿದ ಪ್ಯಾಡಿನ ಬದಲು ಬೇರೆ ತರಲು ಬಾಗೇವಾಡಿಗೆ ಹೊರಟವನು, “ಯವ್ವಾ, ಯಾರೂ ಮುಟ್ಟದಂಗ ನೀವ ಕಾಯ್ರಿ,” ಅಂದ. ಆಯಿ ಕೋಲು ಹಿಡಿದು ಕೂತಳು, ನೊಣವನ್ನೂ ಹತ್ತಿರ ಬಿಡಲಿಲ್ಲ. ಸಂಜೆ ಅಪ್ಪ ಮತ್ತು ಕಾಕಾ ಖಾಲಿ ರಸ್ತೆಯಲ್ಲಿ ಮತ್ತೆ ಮತ್ತೆ ನಿಲ್ಲಿಸಿ ನೋಡಿ ಬಂದರು. ಬ್ರೇಕು ಗಟ್ಟಿಯಾಗಿತ್ತು. ಓಣಿಯಲ್ಲಿ ನಂಬುವವರು ಮಾತ್ರ ಇರಲಿಲ್ಲ.

ಸೋಮವಾರ ಬೆಳಿಗ್ಗೆ ನೋಡಿದರೆ ಆಯಿ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಾಳೆ. ಚಿಗವ್ವನ ಬಾಗಿಲಲ್ಲಿ ವ್ಯಾನು ನಿಂತಾಗ ಕಿಟಕಿಯಿಂದ ಎರಡೂ ಕೈ ಚಾಚಿದಳು.

“ತಪ್ಪು ನಂದವ್ವ, ಗಾಡೀದಲ್ಲ. ನನ್ನ ಮೊಮ್ಮಗಳೂ ಕುಂತಾಳ, ನಾನೂ ಕುಂತೇನಿ. ನಿನ್ನ ಕೂಸಿನ್ನ ನನ್ನ ತೊಡಿ ಮ್ಯಾಲ ಕೊಡು.”

ಚಿಗವ್ವ ಆಯಿಯ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಮಗನ ಬುತ್ತಿ ತಂದಳು. ಮುಂದಿನ ಮನೆಗಳಲ್ಲಿ ಯಾರೂ ಏನೂ ಕೇಳಲಿಲ್ಲ.

ಈಗ ನಾನು ವಿಜಯಪುರದಲ್ಲಿ ಸ್ವಂತ ಕಾರು ಓಡಿಸುತ್ತೇನೆ. ಮೊನ್ನೆ ಗ್ಯಾರೇಜಿನಲ್ಲಿ ಅದರ ಮುಂದಿನ ಡಿಸ್ಕುಗಳು ಬದಲಾದವು. ಕೆಲಸ ಮುಗಿದಿದೆಯೆಂದು ಫೋನಿಗೆ ಸಂದೇಶ ಬಂತು. ಕೆಲಸ ಮಾಡಿದವರ ಮುಖ ಕಾಣಲಿಲ್ಲ. ಬ್ರೇಕು ಚೆನ್ನಾಗಿಯೇ ಹಿಡಿಯುತ್ತದೆ, ದೂರಲು ಏನಿಲ್ಲ. ಆಯಿ ಹೋಗಿ ಬಹಳ ವರ್ಷಗಳಾದವು. ಆದರೂ ಗೇಟು ದಾಟಿ ಮೊದಲ ಸಲ ಬ್ರೇಕು ಒತ್ತಿದಾಗ ಪಕ್ಕದ ಸೀಟಿನತ್ತ ತಿರುಗಿದೆ. ಅಲ್ಲಿ ನನ್ನ ಕೈಚೀಲ ಇತ್ತು.